ಪತ್ತನಾಜೆಯ ಮೊದಲು ಮುಗಿಸಿ: ಮನೆಯ ಕಂಪ್ಯೂಟರನ್ನು ನ್ಯಾಸ್‌ಗೆ ಬ್ಯಾಕಪ್ ಮಾಡುವ ಕ್ರಮ

ನನ್ನ ಅಜ್ಜಿ ಪಾಡ್ದನ, ಅಂದರೆ ತುಳುವಿನ ಕಥೆಹಾಡು, ಹೇಳುತ್ತಿದ್ದರು. ನೇಜಿ ನೆಡುವ ಗದ್ದೆಯಲ್ಲಿ ಕಲಿತದ್ದು. ಊರಿಗೆ ಹೋದಾಗಲೆಲ್ಲ ನಾನು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದೆ, ಮನೆಗೆ ಬಂದು ಕಂಪ್ಯೂಟರಿಗೆ ಹಾಕುತ್ತಿದ್ದೆ, ಜಾಗ ಸಾಲುವುದಿಲ್ಲ ಅಂತ ಫೋನಿನಿಂದ ಅಳಿಸುತ್ತಿದ್ದೆ. ಇನ್ನೊಂದು ಕಾಪಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ ಇತ್ತು, ಆದರೆ ಆ ಡಿಸ್ಕ್ ಯಾವಾಗಲೂ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುತ್ತಿತ್ತು. ಮೇ ತಿಂಗಳ ಒಂದು ಸಂಜೆ ಪಕ್ಕದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಕಂಪ್ಯೂಟರ್, ಡಿಸ್ಕ್, ರೂಟರ್ ಮೂರೂ ಒಟ್ಟಿಗೆ ಹೋದವು. ಡಿಸ್ಕ್ ನೋಡಿದವರು ಇದರಿಂದ ಏನೂ ತೆಗೆಯಲು ಆಗುವುದಿಲ್ಲ ಅಂದರು. ಅಷ್ಟರಲ್ಲಿ ಅಜ್ಜಿಯೂ ಇರಲಿಲ್ಲ. ಚಿಕ್ಕಮ್ಮನ ಮಗಳಿಗೆ ಯಾವತ್ತೋ ವಾಟ್ಸಾಪ್ ಮಾಡಿದ್ದ ನಾಲ್ಕು ನಿಮಿಷದ ಒಂದು ತುಂಡು ಮಾತ್ರ ಈಗ ನನ್ನ ಹತ್ತಿರ ಇದೆ.

ಅದಕ್ಕೇ ಈ ಲೇಖನ. ನಮ್ಮ ಮನೆ ಉಡುಪಿಯ ಅಂಬಲಪಾಡಿಯಲ್ಲಿ. ಈಗ ಮನೆಯ ಎರಡು ಕಂಪ್ಯೂಟರ್‌ಗಳೂ ದಿನಾ ಬೆಳಿಗ್ಗೆ ತಾವಾಗಿಯೇ ನ್ಯಾಸ್‌ಗೆ ಬ್ಯಾಕಪ್ ಆಗುತ್ತವೆ. ನ್ಯಾಸ್ ಅಂದರೆ ಒಳಗೆ ಒಂದೋ ಎರಡೋ ಹಾರ್ಡ್ ಡಿಸ್ಕ್ ಇರುವ ಒಂದು ಸಣ್ಣ ಪೆಟ್ಟಿಗೆ. ಅದರ ಕೇಬಲ್ ಹೋಗುವುದು ಕಂಪ್ಯೂಟರಿಗಲ್ಲ, ವೈಫೈ ರೂಟರಿಗೆ. ಮನೆಯ ಯಾವ ಕಂಪ್ಯೂಟರಿನಿಂದ ಬೇಕಾದರೂ ಅದಕ್ಕೆ ಫೈಲು ಕಳಿಸಬಹುದು. ಅದನ್ನು ಬೇರೆ ಕೋಣೆಯಲ್ಲಿ, ಬೇರೆ ಪ್ಲಗ್‌ನಲ್ಲಿ ಇಡಲು ಆಗುತ್ತದೆ ಎನ್ನುವುದೇ ನಮ್ಮ ಕರಾವಳಿಯವರಿಗೆ ಅದರ ದೊಡ್ಡ ಲಾಭ.

ಪತ್ತನಾಜೆ ಅಂತ ಗಡು ಇಟ್ಟದ್ದಕ್ಕೆ ಕಾರಣ ಇದೆ. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24-25ರ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ನೇಮಗಳು ನಿಲ್ಲುತ್ತವೆ. ಮಳೆಗಾಲಕ್ಕೆ ಮೊದಲು ಮಾಡುವ ಕೆಲಸಗಳೆಲ್ಲ ಅದಕ್ಕೆ ಮುಂಚೆ ಮುಗಿಯಬೇಕು ಅಂತ ನಮ್ಮಲ್ಲಿ ಲೆಕ್ಕ. ಇದನ್ನೂ ಆ ಪಟ್ಟಿಗೆ ಸೇರಿಸಿ. ಆದರೆ ಗುಡುಗು ಸಿಡಿಲಿನ ಕಾಟ ಏಪ್ರಿಲ್‌ಗೇ ಶುರುವಾಗುತ್ತದೆ, ಹಾಗಾಗಿ ಮಾರ್ಚ್‌ನಲ್ಲಿ ಮುಗಿಸಿದರೆ ಇನ್ನೂ ಒಳ್ಳೆಯದು.

ಯಾವ ಪೆಟ್ಟಿಗೆ, ಯಾವ ಡಿಸ್ಕ್

ಸಿನಾಲಜಿ, ಕ್ಯೂನ್ಯಾಪ್, ಹೀಗೆ ನಾಲ್ಕೈದು ಕಂಪನಿಗಳ ನ್ಯಾಸ್ ಸಿಗುತ್ತವೆ. ಮನೆಗೆ ಎರಡು ಡಿಸ್ಕ್ ಹಾಕುವ ಸಣ್ಣ ಮಾದರಿ ಸಾಕು. ಅದಕ್ಕೂ ದುಡ್ಡು ಹೊಂದುವುದಿಲ್ಲವಾದರೆ ನಿಮ್ಮ ರೂಟರಿನ ಹಿಂದೆ ಯುಎಸ್‌ಬಿ ಕಿಂಡಿ ಇದೆಯಾ ನೋಡಿ, ಕೆಲವಕ್ಕೆ ಹಾರ್ಡ್ ಡಿಸ್ಕ್ ಸಿಕ್ಕಿಸಿ ಮನೆಯೊಳಗೆ ಹಂಚಿಕೊಳ್ಳಬಹುದು. ನಿಧಾನ, ಭದ್ರತೆಯೂ ಕಡಿಮೆ, ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಒಂದು ವಿಷಯ ಮಾತ್ರ ಗಮನಿಸಿ. ಹಳೇ ರೂಟರುಗಳು ಎಸ್‌ಎಂಬಿ 1 ಎನ್ನುವ ಹಳೇ ಪದ್ಧತಿಯಲ್ಲಿ ಮಾತ್ರ ಫೈಲು ಹಂಚುತ್ತವೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಹಾಕಿದ ವಾನಾಕ್ರೈ ವೈರಸ್ ಹರಡಿದ್ದು ಅದರ ದೋಷದಿಂದಲೇ. ಅದೇ ವರ್ಷದ ಕೊನೆಯಿಂದ ವಿಂಡೋಸ್ 10 ಅದನ್ನು ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ ಹಾಕುವುದನ್ನು ಬಿಟ್ಟಿತು. ರೂಟರಿಗಾಗಿ ಅದನ್ನು ಮತ್ತೆ ಆನ್ ಮಾಡಿ ಅಂತ ಯಾರಾದರೂ ಹೇಳಿದರೆ ಮಾಡಬೇಡಿ. ಆ ರೂಟರನ್ನೇ ಬಿಡಿ.

ಡಿಸ್ಕ್ ಎಷ್ಟು ದೊಡ್ಡದು ಬೇಕು? ಕಂಪ್ಯೂಟರುಗಳಲ್ಲಿ ಈಗ ತುಂಬಿರುವ ಜಾಗವನ್ನು ಕೂಡಿಸಿ, ಅದರ ಎರಡರಷ್ಟಾದರೂ ಇರಲಿ, ಮೂರರಷ್ಟಿದ್ದರೆ ಆರಾಮ. 4 ಟಿಬಿ ಡಿಸ್ಕ್ ತಂದರೆ ವಿಂಡೋಸ್ ಅದನ್ನು 3.63 ಅಂತ ತೋರಿಸುತ್ತದೆ. ಮೋಸ ಅಲ್ಲ, ಕಂಪನಿ ಸಾವಿರದ ಲೆಕ್ಕದಲ್ಲಿ ಅಳೆಯುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಡಿಸ್ಕ್ ಕೊಳ್ಳುವಾಗ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇದು ಸಿಎಂಆರ್ರಾ, ಎಸ್‌ಎಂಆರ್ರಾ? ಎಸ್‌ಎಂಆರ್ ಡಿಸ್ಕ್‌ನಲ್ಲಿ ಡೇಟಾದ ಗೆರೆಗಳು ನಮ್ಮ ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹತ್ತಿಕೊಂಡು ಕೂತಿರುತ್ತವೆ. ಮಾಡಿನ ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲಿನ ಸಾಲನ್ನೂ ಎಬ್ಬಿಸಬೇಕು ಅಲ್ವಾ, ಅದೇ ತರ ಇಲ್ಲಿ ಒಂದು ಕಡೆ ತಿದ್ದಿ ಬರೆಯಲು ಪಕ್ಕದ್ದನ್ನೂ ಮತ್ತೆ ಬರೆಯಬೇಕಾಗುತ್ತದೆ. ಒಂದು ಸಲ ತುಂಬಿಸಿ ಕಪಾಟಿನಲ್ಲಿ ಇಡುವುದಕ್ಕೆ ಅದು ಅಡ್ಡಿಲ್ಲ. ದಿನಾ ಬರೆಯುವ ನ್ಯಾಸ್‌ಗೆ ಗೆರೆಗಳು ಬಿಡಿಬಿಡಿಯಾಗಿ ಕೂತಿರುವ ಸಿಎಂಆರ್ ಬೇಕು. ಡಬ್ಲ್ಯೂಡಿ ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್ ಇವೆರಡೂ ಸಿಎಂಆರ್.

ಇನ್ನೊಂದು ಎಚ್ಚರಿಕೆ ಜೋರಾಗಿಯೇ ಹೇಳಬೇಕು. ಮನೆಯಲ್ಲಿ ಇರುವ, ಫೋಟೋ ತುಂಬಿದ ಹಳೇ ಡಿಸ್ಕ್ ತೆಗೆದು ನ್ಯಾಸ್ ಒಳಗೆ ಹಾಕಬೇಡಿ. ಮೊದಲ ಸಲ ಸಿದ್ಧ ಮಾಡುವಾಗ ನ್ಯಾಸ್ ಡಿಸ್ಕನ್ನು ಪೂರ್ತಿ ಅಳಿಸುತ್ತದೆ.

ಎರಡು ಡಿಸ್ಕ್ ಹಾಕಿದರೆ ರೇಡ್ 1 ಅಂತ ಆಯ್ಕೆ ಬರುತ್ತದೆ. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಬರೆಯುತ್ತಾ ಹೋಗುತ್ತದೆ. ಎರಡು 4 ಟಿಬಿ ಹಾಕಿದರೂ ಸಿಗುವ ಜಾಗ 4 ಟಿಬಿಯೇ. ಒಂದು ಡಿಸ್ಕ್ ಸತ್ತರೆ ಇನ್ನೊಂದರಿಂದ ಕೆಲಸ ನಡೆಯುತ್ತದೆ. ಇದನ್ನೇ ಬ್ಯಾಕಪ್ ಅಂದುಕೊಂಡವರು ಬಹಳ ಜನ. ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕ್‌ನಿಂದ ಅದೇ ಕ್ಷಣ ಹೋಗುತ್ತದೆ. ಸಿಡಿಲು ಬಡಿದರೆ ಎರಡೂ ಹೋಗುತ್ತವೆ.

ಎಲ್ಲಿ ಇಡುವುದು

ಬೆಂಗಳೂರಿನವರಿಗೆ ಇದು ಅರ್ಧ ಸಾಲಿನ ಮಾತು. ನಮಗೆ ಹಾಗಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ನಮ್ಮದು, ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ಬಟ್ಟೆಯೇ ಒಣಗುವುದಿಲ್ಲ, ಚರ್ಮದ ಬೆಲ್ಟ್‌ಗೂ ಕ್ಯಾಮೆರಾದ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ. ಕೆಂಪುಕಲ್ಲಿನ ಹೊರಗೋಡೆ ಮಳೆಗಾಲದಲ್ಲಿ ನೀರು ಹೀರಿ ಒಳಗೂ ತಣ್ಣಗೆ ಒದ್ದೆಯಾಗಿರುತ್ತದೆ. ಹಾಗಾಗಿ ಹೊರಗೋಡೆಗೆ ತಾಗಿಸಿ ಇಡಬೇಡಿ. ನೆಲದ ಮೇಲೂ ಬೇಡ. ಮುಚ್ಚಿದ ಮರದ ಕಪಾಟಿನಲ್ಲಿ ಇಟ್ಟರೆ ಬಿಸಿ ಹೊರಗೆ ಹೋಗುವುದಿಲ್ಲ, ಗೆದ್ದಲಿನ ಭಯ ಬೇರೆ. ಒಳಗೋಡೆಯ ಒಂದು ಶೆಲ್ಫ್, ಸುತ್ತ ಒಂದು ಗೇಣು ಖಾಲಿ ಜಾಗ, ಫ್ಯಾನಿನ ಕಿಂಡಿಗೆ ಅಡ್ಡ ಏನೂ ಇಲ್ಲ, ಇಷ್ಟಿದ್ದರೆ ಆಯಿತು. ಬೆಚ್ಚಗಿರುವ ಪೆಟ್ಟಿಗೆ ಅಂದರೆ ಇರುವೆಗೆ ಇಷ್ಟ, ತಿಂಗಳಿಗೊಮ್ಮೆ ಹಿಂದೆ ಮುಂದೆ ಟಾರ್ಚ್ ಹಾಕಿ ನೋಡಿ. ಮಲ್ಪೆ, ಪಣಂಬೂರು, ಸೋಮೇಶ್ವರದ ಹಾಗೆ ಕಡಲಿಗೆ ತೀರಾ ಹತ್ತಿರ ಇರುವವರು ಕಡಲಿನ ಕಡೆಗೆ ತೆರೆಯುವ ಕಿಟಕಿಯ ಪಕ್ಕ ಇಡುವುದು ಬೇಡ, ಉಪ್ಪುಗಾಳಿ ಕೇಬಲಿನ ತುದಿಗಳನ್ನು ತಿನ್ನುತ್ತದೆ.

ರೂಟರ್ ಇರುವ ಜಾಗದಲ್ಲೇ ನ್ಯಾಸ್ ಇಡಬೇಕು ಅಂತೇನೂ ಇಲ್ಲ, ಉದ್ದದ ಕೇಬಲ್ ಎಳೆಯಬಹುದು. ಕಂಪ್ಯೂಟರ್ ಇರುವ ಕೋಣೆ ಮತ್ತು ನ್ಯಾಸ್ ಇರುವ ಕೋಣೆ ಬೇರೆ ಬೇರೆ ಇರಲಿ.

ಸಿಡಿಲು ಮತ್ತು ಕರೆಂಟ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನಾನು ಕಳೆದುಕೊಂಡದ್ದು ಇಲ್ಲಿ.

ಫೈಬರ್ ಕನೆಕ್ಷನ್ ಇರುವ ಮನೆಗೆ ಆ ಗಾಜಿನ ಎಳೆಯ ಮೂಲಕ ಕರೆಂಟ್ ಬರುವುದಿಲ್ಲ. ಹಳೇ ತಾಮ್ರದ ಟೆಲಿಫೋನ್ ತಂತಿಯಲ್ಲಿ ಬರುತ್ತಿತ್ತು. ಆದರೆ ಮೋಡೆಮ್‌ನ ಅಡಾಪ್ಟರ್ ಪ್ಲಗ್‌ಗೆ ಸಿಕ್ಕಿಸಿರುತ್ತದೆ, ಡಿಶ್‌ನ ತಂತಿ ಮಾಡಿನಿಂದ ಇಳಿದಿರುತ್ತದೆ, ಅಲ್ಲಿಂದ ಒಳಗೆ ನುಗ್ಗಿದ್ದು ನೆಟ್‌ವರ್ಕ್ ಕೇಬಲ್ ಹಿಡಿದು ನ್ಯಾಸ್‌ವರೆಗೂ ಹೋಗುತ್ತದೆ. ಅಂಗಡಿಯ ಸ್ಪೈಕ್ ಗಾರ್ಡ್ ಸಣ್ಣಪುಟ್ಟ ಏರಿಳಿತಕ್ಕೆ ಸರಿ. ಪಕ್ಕದ ಮರಕ್ಕೆ ಬಡಿದ ಸಿಡಿಲಿಗೆ ಅದು ಸಾಕಾಗುವುದಿಲ್ಲ. ಮನೆಯ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದರಿಂದ ಏನೂ ಪ್ರಯೋಜನವೂ ಇಲ್ಲ. ಬೇಸಿಗೆ ಮುಗಿಯುವ ಮೊದಲು ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ಪರೀಕ್ಷೆ ಮಾಡಿಸಿ. ಗುಡ್ಡೆಯ ಮೇಲಿನ ಮನೆಗಳಲ್ಲಿ ಬೇಸಿಗೆಯಲ್ಲಿ ಮಣ್ಣು ಪೂರ್ತಿ ಒಣಗಿ ಅರ್ಥಿಂಗ್ ದುರ್ಬಲವಾಗಿರುತ್ತದೆ.

ಮೋಡ ಕವಿಯುವಾಗಲೇ, ಗುಡುಗು ಶುರುವಾಗುವ ಮೊದಲೇ ಪ್ಲಗ್ ಎಳೆಯುವುದೇ ನಿಜವಾದ ರಕ್ಷಣೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಮೊದಲು ನ್ಯಾಸ್‌ನ ಪವರ್ ಬಟನ್ ಒತ್ತಿ ಹಿಡಿದು ಅದು ಸರಿಯಾಗಿ ಶಟ್‌ಡೌನ್ ಆಗಲು ಬಿಡಿ, ಆಮೇಲೆ ಪ್ಲಗ್, ಆಮೇಲೆ ನೆಟ್‌ವರ್ಕ್ ಕೇಬಲ್. ಗುಡುಗು ಕೇಳಲು ಶುರುವಾಗಿದ್ದರೆ ತಂತಿ ಮುಟ್ಟಲು ಹೋಗಬೇಡಿ.

ಆದರೆ ಮನೆಯಲ್ಲಿ ಯಾರೂ ಇಲ್ಲದಾಗ? ಅದಕ್ಕೆ ನಾನು ಕಂಡುಕೊಂಡ ದಾರಿ ಇದು. ನಮ್ಮಲ್ಲಿ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನ ಗುಡುಗು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಸಂಜೆ ಹೊತ್ತಿಗೆ ಬರುತ್ತದೆ. ಹಾಗಾಗಿ ಆ ನಾಲ್ಕು ತಿಂಗಳು ನ್ಯಾಸ್ ಬೆಳಿಗ್ಗೆ ಐದೂವರೆಗೆ ತಾನಾಗಿ ಆನ್ ಆಗುತ್ತದೆ, ಒಂಬತ್ತಕ್ಕೆ ಆಫ್ ಆಗುತ್ತದೆ, ಆಮೇಲೆ ಯಾರಾದರೊಬ್ಬರು ಪ್ಲಗ್ ತೆಗೆಯುತ್ತೇವೆ, ರಾತ್ರಿ ಮಲಗುವಾಗ ಆಕಾಶ ನೋಡಿ ಹಾಕುತ್ತೇವೆ. ಹೆಚ್ಚಿನ ನ್ಯಾಸ್‌ಗಳಲ್ಲಿ ಪವರ್ ಶೆಡ್ಯೂಲ್ ಅಂತ ಒಂದು ಪುಟ ಇರುತ್ತದೆ, ಎರಡು ನಿಮಿಷದ ಕೆಲಸ. ಬ್ಯಾಕಪ್ ಸಮಯ ಬೆಳಿಗ್ಗೆ ಆರು ಗಂಟೆ. ಜೂನ್‌ನಿಂದ ಆಗಸ್ಟ್‌ವರೆಗೆ ಜಡಿಮಳೆ ಇದ್ದರೂ ಗುಡುಗು ಕಡಿಮೆ, ಆಗ ಇಡೀ ದಿನ ಆನ್ ಇಡುತ್ತೇನೆ. ಓಡುತ್ತಿದ್ದರೆ ಪೆಟ್ಟಿಗೆ ಬೆಚ್ಚಗಿದ್ದು ಒಳಗೆ ತೇವ ಕೂರುವುದಿಲ್ಲ. ಎರಡು ಡಿಸ್ಕ್‌ನ ಸಣ್ಣ ನ್ಯಾಸ್ ಎಳೆಯುವುದು ಸುಮಾರು 15ರಿಂದ 20 ವ್ಯಾಟ್. ಇಡೀ ತಿಂಗಳು ಹಗಲೂ ರಾತ್ರಿ ಓಡಿದರೂ ಹದಿನೈದು ಯೂನಿಟ್ ದಾಟುವುದಿಲ್ಲ.

ಕರೆಂಟ್ ಹೋಗಿ ಬರುವುದಕ್ಕೆ ಬೇರೆ ಔಷಧ ಬೇಕು. ಬರೆಯುತ್ತಿರುವಾಗ ಕರೆಂಟ್ ಹೋದರೆ ಬ್ಯಾಕಪ್ ಫೈಲ್ ಕೆಡಬಹುದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇದೆಯಾ ನೋಡಿ, ಇದ್ದರೆ ಅದಕ್ಕೆ ಹಾಕಿ. ಮಾಮೂಲಿ ಮೋಡ್‌ನಲ್ಲಿ ಬದಲಾಗುವುದು ನಿಧಾನ, ಫ್ಯಾನಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡುತ್ತದೆ. ಇನ್ನೂ ಒಳ್ಳೆಯದು ನ್ಯಾಸ್‌ಗೇ ಒಂದು ಸಣ್ಣ ಯುಪಿಎಸ್, ಅದೂ ಹಿಂದೆ ಯುಎಸ್‌ಬಿ ಡೇಟಾ ಕಿಂಡಿ ಇರುವಂಥದ್ದು. ಆ ಕೇಬಲ್ ನ್ಯಾಸ್‌ಗೆ ಸಿಕ್ಕಿಸಿದರೆ ಬ್ಯಾಟರಿ ಕಡಿಮೆ ಆಗುತ್ತಿದೆ ಅಂತ ನ್ಯಾಸ್‌ಗೆ ಗೊತ್ತಾಗಿ ತಾನಾಗಿ ಶಟ್‌ಡೌನ್ ಆಗುತ್ತದೆ. ಅಗ್ಗದ ಯುಪಿಎಸ್‌ಗಳಲ್ಲಿ ಈ ಕಿಂಡಿ ಇರುವುದಿಲ್ಲ, ಕೊಳ್ಳುವ ಮೊದಲು ತಿರುಗಿಸಿ ನೋಡಿ.

ಕೇಬಲ್

ಮೊದಲ ಬ್ಯಾಕಪ್ ವೈಫೈಯಲ್ಲಿ ಮಾಡಲು ಹೋಗಬೇಡಿ. ದಪ್ಪ ಕೆಂಪುಕಲ್ಲಿನ ಎರಡು ಗೋಡೆ ದಾಟುವಷ್ಟರಲ್ಲಿ ವೈಫೈ ಸೋತಿರುತ್ತದೆ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಹಾಕಿ ಕಂಪ್ಯೂಟರನ್ನೂ ರೂಟರಿಗೆ ಜೋಡಿಸಿ. ಗಿಗಾಬಿಟ್ ಸಿಕ್ಕರೆ ಸೆಕೆಂಡಿಗೆ ಸುಮಾರು 110 ಎಂಬಿ ಹೋಗುತ್ತದೆ, 300 ಜಿಬಿಗೆ ಮುಕ್ಕಾಲು ಗಂಟೆ. ರೂಟರಿನ ಕಿಂಡಿ 100 ಮೆಗಾಬಿಟ್‌ದಾದರೆ ಸೆಕೆಂಡಿಗೆ 11 ಎಂಬಿ, ಅದೇ 300 ಜಿಬಿಗೆ ಏಳೂವರೆ ಗಂಟೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಈಥರ್ನೆಟ್ ಅಂತ ಹೋದರೆ ಲಿಂಕ್ ಸ್ಪೀಡ್ ಕಾಣುತ್ತದೆ. ರೂಟರ್ ಗಿಗಾಬಿಟ್ ಆಗಿದ್ದೂ ಅಲ್ಲಿ 100 ಅಂತ ತೋರಿಸಿದರೆ ಬಹುಮಟ್ಟಿಗೆ ಕೇಬಲಿನದೇ ತಪ್ಪು. ಗಿಗಾಬಿಟ್‌ಗೆ ಎಂಟೂ ಎಳೆ ಬೇಕು, ನೂರಕ್ಕೆ ನಾಲ್ಕು ಸಾಕು. ಒಂದು ಎಳೆ ತುಂಡಾದರೂ ಸುಮ್ನೆ ನೂರಕ್ಕೆ ಇಳಿದುಬಿಡುತ್ತದೆ, ಯಾರೂ ಹೇಳುವುದಿಲ್ಲ.

ನ್ಯಾಸ್ ಒಳಗಿನ ತಯಾರಿ

ಆನ್ ಮಾಡಿ, ಬ್ರೌಸರ್‌ನಲ್ಲಿ ಅದರ ಪುಟ ತೆರೆದು, ಅದು ಕೇಳಿದ ಹಾಗೆ ಮುಂದುವರಿಯಿರಿ. ಒಂದು ಕಡೆ ಮಾತ್ರ ನಿಲ್ಲಿ. ಫೈಲ್ ಸಿಸ್ಟಮ್, ಅಂದರೆ ಡಿಸ್ಕ್‌ನಲ್ಲಿ ಫೈಲು ಜೋಡಿಸಿಡುವ ಪದ್ಧತಿ, ಯಾವುದು ಅಂತ ಕೇಳಿದಾಗ ಬಿಟಿಆರ್‌ಎಫ್‌ಎಸ್ ಇದ್ದರೆ ಅದನ್ನು ಆರಿಸಿ, ಕೆಲವು ಕ್ಯೂನ್ಯಾಪ್‌ಗಳಲ್ಲಿ ಜೆಡ್‌ಎಫ್‌ಎಸ್ ಇರುತ್ತದೆ, ಅದೂ ಸರಿ. ಇವುಗಳಲ್ಲಿ ಸ್ನ್ಯಾಪ್‌ಶಾಟ್ ಎನ್ನುವ ಸೌಲಭ್ಯ ಇದೆ, ಅಂದರೆ ಈ ಹೊತ್ತಿನಲ್ಲಿ ಫೋಲ್ಡರ್ ಹೇಗಿತ್ತೋ ಹಾಗೆಯೇ ನೆನಪಿಟ್ಟುಕೊಳ್ಳುವುದು. ಆಮೇಲೆ ವೈರಸ್ ಬಂದು ಫೈಲುಗಳನ್ನೆಲ್ಲ ಹಾಳು ಮಾಡಿದರೂ ನಿನ್ನೆಯ ಸ್ನ್ಯಾಪ್‌ಶಾಟ್‌ಗೆ ವಾಪಸ್ ಹೋಗಬಹುದು. ಇದನ್ನು ಆಮೇಲೆ ಬದಲಿಸಲು ಎಲ್ಲ ಅಳಿಸಬೇಕಾಗುತ್ತದೆ, ಹಾಗಾಗಿ ಈಗಲೇ ಸರಿ ಮಾಡಿ. ದಿನಕ್ಕೊಂದು ಸ್ನ್ಯಾಪ್‌ಶಾಟ್, ಮೂವತ್ತು ದಿನ ಉಳಿಸಿಕೊಳ್ಳಲಿ.

ನಂತರ ಬ್ಯಾಕಪ್‌ಗೆ ಅಂತಲೇ ಒಂದು ಶೇರ್ಡ್ ಫೋಲ್ಡರ್ ಮಾಡಿ, ಅದಕ್ಕೆ ಅಂತಲೇ ಬೇರೆ ಒಬ್ಬ ಬಳಕೆದಾರನನ್ನು ಮಾಡಿ. ಆ ಫೋಲ್ಡರಿಗೆ ಬರೆಯುವ ಅನುಮತಿ ಅವನೊಬ್ಬನಿಗೆ ಮಾತ್ರ. ಆ ಹೆಸರು, ಪಾಸ್‌ವರ್ಡ್ ಬ್ಯಾಕಪ್ ಸಾಫ್ಟ್‌ವೇರ್‌ಗೆ ಮಾತ್ರ ಕೊಡಬೇಕು. ವಿಂಡೋಸ್‌ನಲ್ಲಿ ಝೆಡ್ ಡ್ರೈವ್ ಅಂತ ಮಾಡಿ ಯಾವಾಗಲೂ ತೆರೆದಿಟ್ಟರೆ, ಕಂಪ್ಯೂಟರಿಗೆ ಬಂದ ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್, ಸಿ ಡ್ರೈವ್ ಮುಗಿಸಿ ನೇರ ಝೆಡ್‌ಗೆ ಹೋಗುತ್ತದೆ.

ನ್ಯಾಸ್‌ಗೆ ಯಾವಾಗಲೂ ಅದೇ ಐಪಿ ವಿಳಾಸ (ಮನೆಯ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಸಿಗುವ ಹಾಗೆ ರೂಟರಿನಲ್ಲಿ ರಿಸರ್ವ್ ಮಾಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ವಿಳಾಸ ಬದಲಾಗಿ ಬ್ಯಾಕಪ್ ನಿಂತಿರುತ್ತದೆ. ಮತ್ತೆ, ಹೊರಗಿನಿಂದ ನೋಡಲು ಅಂತ ರೂಟರಿನಲ್ಲಿ ಪೋರ್ಟ್, ಅಂದರೆ ಇಂಟರ್ನೆಟ್‌ನಿಂದ ಒಳಗೆ ಬರುವ ದಾರಿ, ತೆರೆಯಬೇಡಿ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ರಾನ್ಸಮ್‌ವೇರ್ ಹುಡುಕಿಕೊಂಡು ಹೋದದ್ದು ಹೀಗೆ ಇಂಟರ್ನೆಟ್‌ಗೆ ನೇರ ತೆರೆದಿಟ್ಟ ನ್ಯಾಸ್‌ಗಳನ್ನೇ. ಮನೆಯ ಬ್ಯಾಕಪ್‌ಗೆ ಹೊರಗಿನ ದಾರಿ ಬೇಡವೇ ಬೇಡ.

ಏನೇನು ಉಳಿಸಬೇಕು

ಬ್ಯಾಕಪ್ ಹಾಕುವ ಮೊದಲು ಒಂದು ಸಂಜೆ ಕೂತು ಕಂಪ್ಯೂಟರ್ ಒಳಗೆ ಸುತ್ತಾಡಿ. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇಲ್ಲದ್ದು ಬಹಳ ಇರುತ್ತದೆ. ಮನೆಯಿಂದ ಲೆಕ್ಕ ಬರೆಯುವವರ ಟ್ಯಾಲಿ ಡೇಟಾ ಬೇರೆಯೇ ಕಡೆ ಕೂತಿರುತ್ತದೆ, ಟ್ಯಾಲಿಯಲ್ಲಿ ಕಂಪನಿ ಆರಿಸುವ ಪುಟದಲ್ಲಿ ಅದರ ದಾರಿ ಕಾಣುತ್ತದೆ, ಬರೆದುಕೊಳ್ಳಿ. ಒನ್‌ಡ್ರೈವ್ ಆನ್ ಇದ್ದರೆ ಕೆಲವು ಫೈಲುಗಳು ಹೆಸರಿಗೆ ಮಾತ್ರ ನಿಮ್ಮ ಕಂಪ್ಯೂಟರಿನಲ್ಲಿ ಇರುತ್ತವೆ, ಮೋಡದ ಚಿಹ್ನೆ ಕಾಣುವುದು ಅಂಥವಕ್ಕೆ. ಆ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಯಾವಾಗಲೂ ಈ ಸಾಧನದಲ್ಲೇ ಇರಲಿ ಎನ್ನುವ ಆಯ್ಕೆ ಒತ್ತಿ, ಇಲ್ಲದಿದ್ದರೆ ಅವು ಬ್ಯಾಕಪ್‌ಗೆ ಬರಲಿಕ್ಕಿಲ್ಲ.

ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ಇದ್ದರೆ ಆ ಫಾಂಟುಗಳನ್ನೂ ಉಳಿಸಿ. ನಾಳೆ ಹೊಸ ಕಂಪ್ಯೂಟರಿಗೆ ಕಡತ ವಾಪಸ್ ಬಂತು, ಫಾಂಟ್ ಬರಲಿಲ್ಲ ಅಂದರೆ ಪುಟ ತುಂಬ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು. ಸಂಘದ ವರದಿ, ಪ್ರಸಂಗದ ಪದ್ಯ, ಕುಟುಂಬದ ವಂಶಾವಳಿ, ನಮ್ಮ ಕಡೆ ಇಂಥದ್ದೆಲ್ಲ ಇನ್ನೂ ಆ ಫಾಂಟುಗಳಲ್ಲೇ ಇದೆ.

ಬ್ಯಾಕಪ್ ಹಾಕುವುದು

ನಾನು ಬಳಸುವುದು ವೀಮ್ ಏಜೆಂಟ್ ಎಂಬ ಸಾಫ್ಟ್‌ವೇರ್. ಇದರ ಉಚಿತ ಆವೃತ್ತಿ ಮನೆಗೆ ಧಾರಾಳ ಸಾಕು. ಇದು ಇಡೀ ಕಂಪ್ಯೂಟರನ್ನು, ವಿಂಡೋಸ್ ಸಮೇತ, ಚಿತ್ರ ತೆಗೆದ ಹಾಗೆ ತೆಗೆದಿಡುತ್ತದೆ. ಹೊಸ ಡಿಸ್ಕ್ ಹಾಕಿ ಮೊದಲಿನ ಹಾಗೆಯೇ ಎಬ್ಬಿಸಬಹುದು. ಒಂದೊಂದೇ ಫೈಲೂ ತೆಗೆಯಬಹುದು.

ಇನ್‌ಸ್ಟಾಲ್ ಮಾಡುವಾಗ ರಿಕವರಿ ಮೀಡಿಯಾ ಮಾಡಬೇಕಾ ಅಂತ ಕೇಳುತ್ತದೆ. ಆಮೇಲೆ ಅಂತ ಬಿಡಬೇಡಿ. ಒಂದು ಖಾಲಿ ಪೆನ್‌ಡ್ರೈವ್ ಕೊಟ್ಟು ಆಗಲೇ ಮಾಡಿ, ಮೇಲೆ ಚೀಟಿ ಅಂಟಿಸಿ. ಹಾರ್ಡ್ ಡಿಸ್ಕ್ ಸತ್ತ ದಿನ ಕಂಪ್ಯೂಟರ್ ಎಬ್ಬಿಸಲು ಇದೇ ಬೇಕು. ಆಮೇಲೆ ಹೊಸ ಬ್ಯಾಕಪ್ ಕೆಲಸ ಶುರು ಮಾಡಿ, ಇಡೀ ಕಂಪ್ಯೂಟರ್ ಅಂತ ಆರಿಸಿ, ಎಲ್ಲಿಗೆ ಅಂತ ಕೇಳಿದಾಗ ಶೇರ್ಡ್ ಫೋಲ್ಡರ್ ಅನ್ನಿ. ವಿಳಾಸ ಬರೆಯುವ ಕ್ರಮ ಹೀಗೆ: ಮೊದಲು ಎರಡು ಬ್ಯಾಕ್‌ಸ್ಲ್ಯಾಶ್, ನ್ಯಾಸ್‌ನ ಹೆಸರು ಅಥವಾ ಐಪಿ, ಇನ್ನೊಂದು ಬ್ಯಾಕ್‌ಸ್ಲ್ಯಾಶ್, ಫೋಲ್ಡರಿನ ಹೆಸರು. ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವ ಗೀಟು ಅಲ್ಲ, ಎಂಟರ್‌ನ ಹತ್ತಿರ ಇರುವ ಹಿಂದಕ್ಕೆ ವಾಲಿದ ಗೀಟು. ಆಗಲೇ ಮಾಡಿಟ್ಟ ಬಳಕೆದಾರನ ಹೆಸರು, ಪಾಸ್‌ವರ್ಡ್ ಕೊಡಿ. ಎಷ್ಟು ದಿನದ್ದು ಉಳಿಸಬೇಕು ಅನ್ನುವುದು ತಾನಾಗಿ 7 ಅಂತ ಇರುತ್ತದೆ. ನಾನು 30 ಮಾಡಿದ್ದೇನೆ, ಯಾಕೆಂದರೆ ಫೈಲು ಕಾಣೆಯಾದದ್ದು ವಾರದೊಳಗೆ ಗೊತ್ತಾಗುವುದು ಅಪರೂಪ. ಸಮಯ ಬೆಳಿಗ್ಗೆ ಆರು. ಆ ಹೊತ್ತಿಗೆ ಕಂಪ್ಯೂಟರ್ ಆಫ್ ಇದ್ದರೆ ಆನ್ ಆದ ಮೇಲೆ ಮಾಡು ಅಂತ ಒಂದು ಆಯ್ಕೆ ಇದೆ, ಅದನ್ನು ಹಾಕಿ. ಗುಡುಗಿನ ತಿಂಗಳಲ್ಲಿ ಮಾತ್ರ ಒಂಬತ್ತರ ಒಳಗೆ ಕಂಪ್ಯೂಟರ್ ಆನ್ ಮಾಡುವುದು ನೆನಪಿರಲಿ, ಆಮೇಲೆ ನ್ಯಾಸ್ ಮಲಗಿರುತ್ತದೆ.

ಮೊದಲ ದಿನ ಕಂಪ್ಯೂಟರ್ ನಿದ್ದೆಗೆ ಹೋಗದ ಹಾಗೆ ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ತೆಗೆಯಿರಿ. ಇಲ್ಲದಿದ್ದರೆ ಅರ್ಧದಲ್ಲಿ ನಿಲ್ಲುತ್ತದೆ.

ಇಷ್ಟೆಲ್ಲ ಬೇಡ, ಫೈಲು ಉಳಿದರೆ ಸಾಕು ಅನ್ನುವವರಿಗೆ ವಿಂಡೋಸ್‌ನಲ್ಲೇ ಫೈಲ್ ಹಿಸ್ಟರಿ ಇದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹುಡುಕಿ, ಸೆಲೆಕ್ಟ್ ಡ್ರೈವ್ ಒತ್ತಿ, ನೆಟ್‌ವರ್ಕ್ ಜಾಗ ಸೇರಿಸಿ. ಗಂಟೆಗೊಮ್ಮೆ ಬದಲಾದ ಫೈಲುಗಳನ್ನು ಕಳಿಸುತ್ತದೆ. ಇದು ಲೈಬ್ರರಿ, ಡೆಸ್ಕ್‌ಟಾಪ್‌ನಂಥ ಕೆಲವು ಜಾಗ ಮಾತ್ರ ನೋಡುತ್ತದೆ, ಡಿ ಡ್ರೈವ್‌ನಲ್ಲಿ ಇರುವ ಫೋಲ್ಡರನ್ನು ಡಾಕ್ಯುಮೆಂಟ್ಸ್ ಲೈಬ್ರರಿಗೆ ಸೇರಿಸಿದರೆ ಮಾತ್ರ ಅದಕ್ಕೆ ಕಾಣುತ್ತದೆ. ಇದರಲ್ಲಿ ನ್ಯಾಸ್‌ನ ಪಾಸ್‌ವರ್ಡ್ ವಿಂಡೋಸ್‌ಗೇ ಕೊಟ್ಟಿರುತ್ತೀರಿ, ಹಾಗಾಗಿ ಸ್ನ್ಯಾಪ್‌ಶಾಟ್ ಇನ್ನೂ ಮುಖ್ಯ. ಮ್ಯಾಕ್ ಇರುವವರಿಗೆ ಟೈಮ್ ಮೆಷಿನ್ ಇದೆ, ನ್ಯಾಸ್‌ನಲ್ಲಿ ಅದಕ್ಕೆ ಬೇರೆ ಫೋಲ್ಡರ್ ಕೊಟ್ಟರೆ ಆಯಿತು.

ಕನ್ನಡ ಹೆಸರಿನ ಫೈಲುಗಳು

ಇದನ್ನು ನಾನು ಬಹಳ ತಡವಾಗಿ ಕಂಡುಕೊಂಡೆ. ನ್ಯಾಸ್‌ನಲ್ಲಿ ಫೈಲಿನ ಹೆಸರು 255 ಬೈಟ್ ದಾಟಬಾರದು. ಇಂಗ್ಲಿಷಿಗೆ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡಕ್ಕೆ ಹಾಗಲ್ಲ. ಪ್ರತಿ ಸಂಕೇತಕ್ಕೂ ಮೂರು ಬೈಟ್, ಒತ್ತು, ಗುಣಿತ ಎಲ್ಲ ಬೇರೆ ಬೇರೆ ಸಂಕೇತ. ಯಕ್ಷಗಾನ ಎನ್ನುವುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಒಳಗೆ ಅದು ಏಳು ಸಂಕೇತ, 21 ಬೈಟ್. ಅಂದರೆ 85 ಸಂಕೇತಕ್ಕೇ ಮಿತಿ ಮುಗಿಯಿತು. ಫೈಲ್ ಹಿಸ್ಟರಿಯಾದರೆ ಹೆಸರಿನ ಕೊನೆಗೆ ತಾರೀಕು, ಸಮಯ ಅಂತ ಇನ್ನೂ 26 ಬೈಟ್ ಸೇರಿಸುತ್ತದೆ. ಸಿನಾಲಜಿಯಲ್ಲಿ ಫೋಲ್ಡರನ್ನೇ ಎನ್‌ಕ್ರಿಪ್ಟ್ ಮಾಡಿದರೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಮಾಡಿದರೆ, ಮಿತಿ 143 ಬೈಟಿಗೆ ಇಳಿಯುತ್ತದೆ, ಅಂದರೆ 47 ಸಂಕೇತ. ವಿಂಡೋಸ್‌ಗೆ ಈ ಬೈಟಿನ ಲೆಕ್ಕ ಇಲ್ಲದ ಕಾರಣ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಪತ್ರಿಕೆಯ ಲೇಖನವನ್ನು ಅದರ ಉದ್ದದ ತಲೆಬರಹದ ಸಮೇತ ಉಳಿಸಿದ ಫೈಲುಗಳು, ಆಮಂತ್ರಣ ಪತ್ರಿಕೆಯ ಪಿಡಿಎಫ್‌ಗಳು, ಇಂಥವು ಬ್ಯಾಕಪ್‌ನಲ್ಲಿ ತಪ್ಪಿಹೋಗುತ್ತವೆ.

ವೀಮ್‌ನಂಥ ಸಾಫ್ಟ್‌ವೇರ್ ಎಲ್ಲವನ್ನೂ ಒಂದು ದೊಡ್ಡ ಫೈಲಿನೊಳಗೆ ಕಟ್ಟಿ ಇಡುವುದರಿಂದ ಅದಕ್ಕೆ ಈ ತೊಂದರೆ ಇಲ್ಲ. ಒಂದೊಂದೇ ಫೈಲು ಕಾಪಿ ಮಾಡುವ ಕ್ರಮದಲ್ಲಿ ಮಾತ್ರ ಬರುತ್ತದೆ. ಕನ್ನಡದಲ್ಲೇ ಹೆಸರಿಡಿ, ದಯವಿಟ್ಟು ಇಂಗ್ಲಿಷಿಗೆ ಓಡಬೇಡಿ, ಗಿಡ್ಡ ಹೆಸರಿಟ್ಟರೆ ಆಯಿತು.

ವಾಪಸ್ ತಂದು ನೋಡಿ

ಬ್ಯಾಕಪ್ ಸಫಲ ಅಂತ ಹಸಿರು ಗುರುತು ಬಂದ ದಿನ ಕೆಲಸ ಅರ್ಧ ಆಗಿದೆ ಅಷ್ಟೇ. ಒಂದು ಫೈಲು ಅಲ್ಲಿಂದ ವಾಪಸ್ ಬಂದು, ತೆರೆದು, ಕೊನೆಯವರೆಗೆ ಓಡಿದಾಗ ಮಾತ್ರ ನಿಮ್ಮ ಹತ್ತಿರ ಬ್ಯಾಕಪ್ ಇದೆ.

ಕಳೆದ ವಾರದ ಬ್ಯಾಕಪ್ ತೆರೆಯಿರಿ, ಇವತ್ತಿನದಲ್ಲ. ಬೇರೆ ಬೇರೆ ಜಾಗದಿಂದ ಮೂರು ಫೈಲು ಆರಿಸಿ: ಒಂದು ಫೋಟೋ, ಉದ್ದದ ಒಂದು ವೀಡಿಯೋ, ಕನ್ನಡ ಹೆಸರಿನ ಒಂದು ಕಡತ. ಮೂಲ ಜಾಗಕ್ಕೆ ಅಲ್ಲ, ಪರೀಕ್ಷೆ ಅಂತ ಹೊಸ ಫೋಲ್ಡರ್ ಮಾಡಿ ಅಲ್ಲಿಗೆ ತನ್ನಿ. ವೀಡಿಯೋವನ್ನು ಕೊನೆಗೆ ಎಳೆದು ಓಡಿಸಿ ನೋಡಿ. ಆಮೇಲೆ ಚೀಟಿ ಅಂಟಿಸಿದ ಆ ರಿಕವರಿ ಪೆನ್‌ಡ್ರೈವ್ ಹಾಕಿ ಕಂಪ್ಯೂಟರ್ ಸ್ಟಾರ್ಟ್ ಮಾಡಿ, ಅಲ್ಲಿಂದ ನೆಟ್‌ವರ್ಕ್ ಸಿಗುತ್ತದೆಯಾ, ನ್ಯಾಸ್‌ನ ಫೋಲ್ಡರ್ ಕಾಣುತ್ತದೆಯಾ ಅಂತ ಮಾತ್ರ ನೋಡಿ, ರಿಸ್ಟೋರ್ ಒತ್ತದೆ ಹೊರಗೆ ಬನ್ನಿ. ಕೆಲವು ಕಂಪ್ಯೂಟರುಗಳಲ್ಲಿ ನೆಟ್‌ವರ್ಕ್ ಡ್ರೈವರ್ ಇಲ್ಲದೆ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತೇವೆ. ಅದು ಇವತ್ತು ಗೊತ್ತಾದರೆ ಸರಿ ಮಾಡಿಕೊಳ್ಳಬಹುದು.

ಪೆನ್‌ಡ್ರೈವ್‌ನಿಂದ ಶುರು ಮಾಡಿದಾಗ ವಿಂಡೋಸ್ ಬಿಟ್‌ಲಾಕರ್ ಕೀ, ಅಂದರೆ ಡಿಸ್ಕಿಗೆ ಅದು ಹಾಕಿರುವ ಬೀಗದ ಕೀಲಿ, ಕೇಳಬಹುದು. ಅದು 48 ಅಂಕಿಗಳ ಸಂಖ್ಯೆ, ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಈ ಪರೀಕ್ಷೆಗೆ ಮೊದಲೇ ಅದನ್ನು ಹುಡುಕಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ನಾನು ಈ ಪರೀಕ್ಷೆ ವರ್ಷಕ್ಕೆ ಎರಡು ಸಲ ಮಾಡುತ್ತೇನೆ, ಪತ್ತನಾಜೆಗೆ ಮೊದಲು ಒಂದು, ದೀಪಾವಳಿಗೆ ಒಂದು.

ಒಂದು ಕಾಪಿ ಮನೆಯಿಂದ ಹೊರಗೆ

ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೋಗ್ರಾಫರ್ ಜನಪ್ರಿಯ ಮಾಡಿದ ಒಂದು ಲೆಕ್ಕ ಇದೆ: ಮೂರು ಕಾಪಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಕಂಪ್ಯೂಟರ್ ಒಂದು, ನ್ಯಾಸ್ ಎರಡು. ಮೂರನೆಯದು ಹೊರಗೆ ಹೋಗಬೇಕು. ತಗ್ಗಿನಲ್ಲಿ ಮನೆ ಇರುವವರಿಗೆ ನೆರೆ ನೀರಿನ ಭಯವೂ ಇದೆ, ಅವರಂತೂ ಇದನ್ನು ಬಿಡಲೇಬಾರದು.

ನನ್ನ ಹತ್ತಿರ ಎರಡು ಯುಎಸ್‌ಬಿ ಡಿಸ್ಕ್ ಇವೆ. ಒಂದನ್ನು ನ್ಯಾಸ್‌ಗೆ ಸಿಕ್ಕಿಸಿ, ನ್ಯಾಸ್‌ನಲ್ಲೇ ಇರುವ ಬ್ಯಾಕಪ್ ಆಪ್‌ನಿಂದ ಮುಖ್ಯ ಫೋಲ್ಡರುಗಳನ್ನು ಪಾಸ್‌ವರ್ಡ್ ಹಾಕಿ ಕಾಪಿ ಮಾಡುತ್ತೇನೆ, ತೆಗೆಯುತ್ತೇನೆ. ನಾಗರ ಪಂಚಮಿಗೆ ಹೇಗೂ ಬೆಳ್ಮಣ್ ಹತ್ತಿರದ ಕುಟುಂಬದ ಮನೆಗೆ ಹೋಗಲಿಕ್ಕುಂಟು, ಆಗ ಈ ಡಿಸ್ಕ್ ಅಲ್ಲಿ ದೊಡ್ಡಪ್ಪನ ಕಪಾಟಿಗೆ ಹೋಗುತ್ತದೆ, ಅಲ್ಲಿದ್ದ ಹಳೇದು ನನ್ನ ಜೊತೆ ವಾಪಸ್ ಬರುತ್ತದೆ. ದೈವದ ತಂಬಿಲ ಪೂಜೆಗೆ ಹೋದಾಗ ಮತ್ತೊಂದು ಸಲ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ, ಇಲ್ಲದಿದ್ದರೆ ಆಟಿ ಕಳೆಯುವಾಗ ಡಿಸ್ಕ್‌ನ ಕನೆಕ್ಟರಿಗೆ ಕಿಲುಬು ಹಿಡಿದಿರುತ್ತದೆ. ಮಂಗಳೂರಿನ ಫ್ಲ್ಯಾಟಿನಲ್ಲಿ ಇದ್ದು ಊರಿಗೆ ಹೋಗುವುದು ಕಡಿಮೆ ಅನ್ನುವವರು ತೀರಾ ಮುಖ್ಯವಾದ 50 ಜಿಬಿಯನ್ನಾದರೂ ದುಡ್ಡು ಕೊಟ್ಟು ಕ್ಲೌಡ್‌ಗೆ ಹಾಕಿ, ಕಳಿಸುವ ಮೊದಲು ಎನ್‌ಕ್ರಿಪ್ಟ್ ಮಾಡಿ.

ಕೊನೆಗೆ ಒಂದು ಹಾಳೆ ತೆಗೆದುಕೊಳ್ಳಿ. ನ್ಯಾಸ್‌ನ ಐಪಿ, ಅಡ್ಮಿನ್ ಹೆಸರು, ಪಾಸ್‌ವರ್ಡ್, ಆ 48 ಅಂಕಿ, ಡಿಸ್ಕ್‌ನ ಪಾಸ್‌ವರ್ಡ್, ಪೆನ್‌ಡ್ರೈವ್ ಎಲ್ಲಿದೆ, ಊರಿನ ಡಿಸ್ಕ್ ಯಾರ ಹತ್ತಿರ ಇದೆ, ಎಲ್ಲ ಬರೆದು ಮನೆಯ ದಾಖಲೆ ಪತ್ರ ಇಡುವ ಕಡೆ ಇಡಿ. ಆಮೇಲೆ ಮನೆಯಲ್ಲಿ ಇನ್ನೊಬ್ಬರನ್ನು, ಹೆಂಡತಿಯೋ ಗಂಡನೋ ಮಗಳೋ, ಪಕ್ಕ ಕೂರಿಸಿಕೊಂಡು ಆ ಹಾಳೆ ನೋಡಿಯೇ ಒಂದು ಫೋಟೋ ಅವರ ಕೈಯಿಂದ ವಾಪಸ್ ತೆಗೆಸಿ. ಎಲ್ಲಿ ಅವರು ತಡೆದರೋ ಅಲ್ಲಿ ಹಾಳೆಯಲ್ಲಿ ಒಂದು ಸಾಲು ಜಾಸ್ತಿ ಬರೆಯಿರಿ. ಡಿಸ್ಕ್ ಬದಲಿಸಿದಾಗಲೆಲ್ಲ ಅದೇ ಹಾಳೆಯ ಕೆಳಗೆ ತಾರೀಕು ಹಾಕಿ.